ಮೊಗ್ಗು ಉದುರುವ ಮನೆ

ಮಾವ ತೀರಿಕೊಂಡ ವರ್ಷದ ಚಳಿಗಾಲದಲ್ಲಿ ಆ ಮನೆಯ ಆರ್ಕಿಡ್ ಗಿಡಗಳಲ್ಲಿ ಒಂದು ಮೊಗ್ಗೂ ಹೂವಾಗಲಿಲ್ಲ. ಮೊಗ್ಗು ಬರುತ್ತಿರಲಿಲ್ಲವೆಂದಲ್ಲ. ಬಾಗಿದ ಕಡ್ಡಿಯ ಉದ್ದಕ್ಕೂ ಸಾಲಾಗಿ ಬರುತ್ತಿದ್ದವು, ಬಟಾಣಿಯಷ್ಟಾಗಿ, ಗೋಲಿಯಷ್ಟಾಗಿ ಊದುತ್ತಿದ್ದವು. ಇನ್ನೇನು ಬಾಯಿ ಬಿಡುತ್ತವೆ ಎನ್ನುವಾಗ ಬಣ್ಣ ತಿರುಗಿ, ಮುಚ್ಚಿದ ಕಣ್ಣಿನ ರೆಪ್ಪೆಯ ಹಾಗೆ ತೆಳ್ಳಗೆ ಹಳದಿಯಾಗಿ, ಕಿಟಕಿಯ ಕಟ್ಟೆಯ ಮೇಲೆ ಬಿದ್ದಿರುತ್ತಿದ್ದವು. ಬೀಳುವುದನ್ನು ಕಣ್ಣಾರೆ ಕಂಡವರಿಲ್ಲ. ಬೆಳಿಗ್ಗೆ ಸ್ನಾನ ಮುಗಿಸಿ ಸೊಸೆ ತಲೆ ಒರೆಸಿಕೊಳ್ಳುತ್ತ ಹಾಲಿಗೆ ಬರುವಷ್ಟರಲ್ಲಿ ಬಿದ್ದಿರುತ್ತಿದ್ದವು, ಅಷ್ಟೆ.

ಗಿಡಗಳು ಮಾವನವು. ಜೀವಮಾನವೆಲ್ಲ ಗಡಿಯಾರ ರಿಪೇರಿ ಮಾಡಿದ ಮನುಷ್ಯ. ಗಿಡವನ್ನೂ ಹಾಗೆಯೇ, ಒಂದು ಕಣ್ಣು ಕಿರಿದು ಮಾಡಿ, ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಹತ್ತಿರ ಯಾರಾದರೂ ಸುಳಿದರೆ "ಮುಟ್ಟಬೇಡಿ" ಎನ್ನುತ್ತಿದ್ದರು. ಅವರು ಹೋದ ಮೇಲೆ ಮಗ, "ಯಾರಿಗಾದ್ರೂ ಕೊಟ್ಬಿಡೋಣ," ಎಂದ. ಅತ್ತೆ ಆ ಹೊತ್ತು ತಟ್ಟೆಯ ಮುಂದೆ ಕೂರಲಿಲ್ಲ. ಹಾಗಾಗಿ ಗಿಡಗಳು ಉಳಿದವು. ಅವನ್ನು ನೋಡಿಕೊಳ್ಳುವ ಹೊಣೆ ಸೊಸೆಯ ತಲೆಗೆ ಬಂತು.

"ಮತ್ತೆ ಬಿದ್ದಿವೆ," ಎಂದಳು ಅವಳು ಒಂದು ಬೆಳಿಗ್ಗೆ, ಅಂಗೈಯಲ್ಲಿ ಮೊಗ್ಗುಗಳನ್ನು ಹಿಡಿದುಕೊಂಡು.

ಅತ್ತೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದರು. ತಲೆ ಎತ್ತಲಿಲ್ಲ. "ನೀನು ಮುಟ್ಟಿದ್ದೀಯ. ಬಿದ್ದಿವೆ."

"ಮುಟ್ಟದೆ ನೀರು ಹಾಕೋದು ಹೇಗೆ ಅತ್ತೆ?"

"ಅವರು ಹಾಕ್ತಿರಲಿಲ್ವಾ?"

"ಅವರೂ ಮುಟ್ಟೇ ಹಾಕ್ತಿದ್ರು."

"ಅವರ ಕೈ ಬೇರೆ."

ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ನಡುವೆ ಬಾಯಿ ಹಾಕುವವಳು ಸೊಸೆಯ ಮಗಳು. ಹೈಸ್ಕೂಲಿಗೆ ಹೋಗುವ ಹುಡುಗಿ. ಎಚ್ಚರವಿರುವಷ್ಟು ಹೊತ್ತು ವಟಗುಟ್ಟುತ್ತಾಳೆಂದು ಅಜ್ಜನೇ ಅವಳಿಗೆ ಗಿಣಿ ಎಂದು ಹೆಸರಿಟ್ಟಿದ್ದರು. ಆ ಗಿಣಿ ಈಚೆಗೆ ತಟ್ಟೆಯ ಮುಂದೆ ಗಲ್ಲಕ್ಕೆ ಕೈ ಊರಿಕೊಂಡು ಕೂತಿರುತ್ತಿದ್ದಳು. ಕರೆದರೆ ಮೂರನೆಯ ಸಲಕ್ಕೆ ಓಗೊಡುತ್ತಿದ್ದಳು. ಕೆನ್ನೆ ಮಾತ್ರ ಯಾರೋ ಬಣ್ಣ ಹಚ್ಚಿದಷ್ಟು ಕೆಂಪಗೆ. ಕೆಳಗಿನ ಕ್ಷೌರದಂಗಡಿಯವನು ಮೆಟ್ಟಿಲ ಹತ್ತಿರ ಸಿಕ್ಕಾಗ, "ಚಳಿ ನಿಮ್ಮ ಮನೆಯವರಿಗೆ ಒಗ್ಗಿದೆ ಕಣಮ್ಮ, ಎಲ್ಲರೂ ಸೇಬಿನ ಹಾಗಾಗಿದ್ದೀರಿ," ಎಂದು ನಕ್ಕ.

ಸೊಸೆಯ ಗಂಡ ಬಸ್ ಡ್ರೈವರ್. ಹೊತ್ತು ಹುಟ್ಟುವ ಮೊದಲೇ ಹೊರಟು, ಡಿಪೋದಲ್ಲೇ ಸ್ನಾನ ಮಾಡಿ, ಸಂಜೆ ಎಲ್ಲರೂ ಬಿಸಿನೀರು ಬಳಸಿ ಮುಗಿದ ಮೇಲೆ ಬರುವವನು. ಮನೆಯಲ್ಲಿ ಏನೋ ಸರಿಯಿಲ್ಲವೆಂದು ಹೇಳಿದರೆ, "ನಿಮಗೆಲ್ಲ ಹೊರಗೆ ಹೋಗಿ ಟ್ರಾಫಿಕ್ಕಲ್ಲಿ ಕೂತ್ಕೊಳ್ಳೋ ಕೆಲಸ ಇದ್ದಿದ್ರೆ ಯಾವ ದೆವ್ವವೂ ಬರ್ತಿರಲಿಲ್ಲ," ಎನ್ನುತ್ತಿದ್ದ.

ದೆವ್ವ ಎಂದು ಮೊದಲು ಅಂದವನು ಅವನೇ. ಅತ್ತೆ ಹಾಗೆ ಅಂದಿರಲಿಲ್ಲ. ಒಂದು ಸಂಜೆ ಬಟಾಣಿ ಸುಲಿಯುತ್ತ ಕೂತಿದ್ದವರು ಸುಮ್ಮನೆ ಕೈ ನಿಲ್ಲಿಸಿ, ಕಿವಿಗೊಟ್ಟು, "ಬಂದ್ರು," ಎಂದಿದ್ದರು.

"ಯಾರು ಬಂದ್ರು?"

"ನಮ್ಮೋರು. ಕೇಳಿಸಲ್ವಾ? ಚಪ್ಪಲಿ ಎಳೀತಾ ಇದಾರೆ."

ಬಚ್ಚಲಿನಲ್ಲಿ ಗಿಣಿ ನೀರು ಬಿಟ್ಟುಕೊಂಡಿದ್ದಳು. ಗ್ಯಾಸ್ ಗೀಸರು ಗುಂ ಎನ್ನುತ್ತಿತ್ತು. ಬೇರೆ ಸದ್ದೇನೂ ಸೊಸೆಗೆ ಕೇಳಿಸಲಿಲ್ಲ. ಅತ್ತೆ ಮಾತ್ರ ತುಟಿಯಂಚಿನಲ್ಲಿ ನಗುತ್ತ ಮತ್ತೆ ಬಟಾಣಿ ಸುಲಿಯತೊಡಗಿದರು. ಆ ರಾತ್ರಿ ಊಟಕ್ಕೆ ಮೇಜಿನ ಮೇಲೆ ಒಂದು ತಟ್ಟೆ ಹೆಚ್ಚಿಗೆ ಇತ್ತು. ಗಂಡ ಅದನ್ನು ನೋಡಿ ಹೆಂಡತಿಯ ಮುಖ ನೋಡಿದ. ಅವಳು ತಲೆ ಅಲ್ಲಾಡಿಸಿದಳು. ಎಲ್ಲರೂ ಮೊಟ್ಟೆ ಸಾರಿನಲ್ಲಿ ಅನ್ನ ಕಲಸಿ ಉಂಡರು.

ಸೊಸೆ ಕೆಲಸ ಮಾಡುತ್ತಿದ್ದದ್ದು ಕನ್ನಡಕದ ಅಂಗಡಿಯಲ್ಲಿ. ಗಿರಾಕಿಯ ಕಣ್ಣ ಮುಂದೆ ಒಂದೊಂದೇ ಗಾಜು ಬದಲಿಸಿ, "ಇದು ಚೆನ್ನಾಗಿ ಕಾಣುತ್ತಾ, ಇದಾ?" ಎಂದು ಕೇಳುತ್ತ ಹೋಗುವುದು ಅವಳ ಕೆಲಸ. ಒಂದು ಸಲಕ್ಕೆ ಒಂದೇ ಗಾಜು. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ. ಗಿಡಗಳನ್ನೂ ಅವಳು ಅದೇ ಬಗೆಯಲ್ಲಿ ಹಿಡಿದಳು.

ಮೊದಲು ನೀರು. ರಜೆಯ ದಿನ ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿ ಕುಂಡಗಳನ್ನು ಬೋರಲು ಹಾಕಿದಳು. ಆರ್ಕಿಡ್ಡಿಗೆ ಮಣ್ಣು ಬೇಡ, ಮರದ ತೊಗಟೆಯ ಚೂರು ಮತ್ತು ಇದ್ದಿಲು ಸಾಕು. ಆ ಚೂರುಗಳು ಹಳೆಯವಾಗಿ ಕೊಳೆತು ನೀರು ಹಿಡಿದುಕೊಂಡಿದ್ದವು. ಕೆಲವು ಬೇರು ಬೆಳ್ಳಿಯ ಬಣ್ಣಕ್ಕೆ ಗಟ್ಟಿಯಾಗಿದ್ದವು. ಕೆಲವು ಕಂದಾಗಿ, ಒತ್ತಿದರೆ ಪಿಚಕ್ಕೆಂದು ಸಿಪ್ಪೆ ಕೈಗೆ ಬಂದು ಒಳಗೆ ದಾರದಂಥ ಎಳೆ ಮಾತ್ರ ಉಳಿಯುತ್ತಿತ್ತು. ಕತ್ತರಿಯನ್ನು ಒಲೆಯ ಉರಿಯಲ್ಲಿ ಕಾಯಿಸಿ ಕೊಳೆತದ್ದನ್ನೆಲ್ಲ ಕತ್ತರಿಸಿ, ಕತ್ತರಿಸಿದ ಬಾಯಿಗೆ ದಾಲ್ಚಿನ್ನಿ ಪುಡಿ ಉದುರಿಸಿದಳು. ಕೊಳೆ ಹರಡದಿರಲೆಂದು.

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. "ಅನ್ನ ಉಣ್ಣೋ ಜಾಗದಲ್ಲಿ ಇದೇನೇ?"

"ಬೇರು ಕೊಳೆತಿದೆ ಅತ್ತೆ. ಮಾವ ಹೋದ್ಮೇಲೆ ನಾನು ನೀರು ಜಾಸ್ತಿ ಹಾಕಿದೀನಿ."

"ಒಪ್ಕೊಂಡ್ಯಲ್ಲ."

"ಒಪ್ಕೊಂಡೆ. ಅದಕ್ಕೇ ಸರಿ ಮಾಡ್ತಿದೀನಿ."

ಹೊಸ ತೊಗಟೆ ಹಾಕಿದಳು. ಬೇರು ಒಣಗಿ ಬೆಳ್ಳಗಾದ ಮೇಲೆ ಮಾತ್ರ ನೀರು, ಎಲೆಗಳ ನಡುವೆ ನಿಂತ ಹನಿಯನ್ನು ಹತ್ತಿಯಲ್ಲಿ ಒತ್ತಿ ತೆಗೆಯುವುದು ಎಂದು ನೇಮ ಮಾಡಿಕೊಂಡಳು. ಸುಕ್ಕಾಗಿದ್ದ ಎಲೆಗಳು ಬರಬರುತ್ತ ಬಿಗಿಯಾದವು. ಹೊಸ ಬೇರಿನ ಹಸಿರು ಮೂತಿಗಳು ಕುಂಡದಂಚಿನಿಂದ ಇಣುಕಿದವು. ಆದರೂ ಮೊಗ್ಗುಗಳು ಬಿದ್ದವು.

ಆಮೇಲೆ ಹಣ್ಣಿನ ಬುಟ್ಟಿ. ಕಿಟಕಿಯ ಪಕ್ಕದಲ್ಲಿದ್ದ ಬಾಳೆಹಣ್ಣು, ಸೇಬುಗಳನ್ನು ಅಡುಗೆಮನೆಯ ಕಪಾಟಿಗೆ ಸಾಗಿಸಿದಳು.

"ಬಾಳೆಹಣ್ಣು ಗಿಡಕ್ಕೇನು ಮಾಡುತ್ತಮ್ಮಾ?" ಎಂದಳು ಗಿಣಿ, ಕಣ್ಣು ಉಜ್ಜಿಕೊಳ್ಳುತ್ತ.

"ಹಣ್ಣಾಗುವಾಗ ಅದರಿಂದ ಒಂಥರಾ ಅನಿಲ ಹೊರಡುತ್ತಂತೆ. ಅದು ತಾಗಿದ್ರೆ ಮೊಗ್ಗು ಮುದುಡುತ್ತಂತೆ."

"ನಮಗೇನೂ ಆಗಲ್ವಾ?"

"ನಮಗೇನಾಗುತ್ತೆ? ನೀನೇನು ಮೊಗ್ಗಾ?"

ಎಂದಿನ ಗಿಣಿಯಾಗಿದ್ದರೆ ಇದಕ್ಕೊಂದು ಮಾತು ಎಸೆಯುತ್ತಿದ್ದಳು. ಅವಳು ಹಣೆ ಒತ್ತಿಕೊಂಡು ಹೋಗಿ ಮಲಗಿದಳು.

ಎಲೆಯ ಅಡಿಗೆ ಅಂಟಿದ್ದ ಬಿಳಿ ಹಿಟ್ಟಿನಂಥ ಹುಳುಗಳನ್ನು ಸೊಸೆ ಒರೆಸಿ ತೆಗೆದಳು. ಕುಂಡಗಳನ್ನು ಬಿಸಿಲಿಗೆ ಒಂದಿಷ್ಟು ಹತ್ತಿರ ಸರಿಸಿದಳು. ಚಳಿಗಾಳಿಯ ಭಯವಂತೂ ಇರಲಿಲ್ಲ. ಚಳಿಗಾಲಕ್ಕೆ ಮೊದಲು ಗಂಡ ಹಳೆಯ ಕಿಟಕಿಗಳನ್ನು ಕಿತ್ತು ಹೊಸದನ್ನು ಹಾಕಿಸಿದ್ದ. ಮುಚ್ಚಿದರೆ ಬೀದಿಯ ಸದ್ದು ಕೂಡ ನೀರಿನೊಳಗಿಂದ ಬಂದ ಹಾಗೆ ಕೇಳುತ್ತಿತ್ತು. "ಒಂದು ಎಳೆ ಗಾಳಿ ಒಳಗೆ ಬಂದ್ರೆ ನನ್ನ ಕೇಳಿ," ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ.

ಆ ಬಿಗಿಯಾದ ಮನೆಯೊಳಗೆ ಮನುಷ್ಯರು ಒಬ್ಬರಿಗೊಬ್ಬರು ಬಿಗಿದುಕೊಂಡಿದ್ದರು. ಚಮಚ ಬಿದ್ದರೆ ಜಗಳ. ಉಪ್ಪು ಕೈ ಜಾರಿದರೆ ಜಗಳ. ಗಿಣಿ ಒಂದು ಬೆಳಿಗ್ಗೆ ಬಚ್ಚಲಿನಿಂದ ಒದ್ದೆ ತಲೆಯಲ್ಲೇ ಓಡಿಬಂದು, "ಪರದೆ ಆಚೆ ಯಾರೋ ನಿಂತಿದ್ರು, ಬಗ್ಗಿ ನೋಡ್ತಿದ್ರು," ಎಂದು ಅತ್ತಳು. ಸೊಸೆ ಹೋಗಿ ಪರದೆ ಸರಿಸಿದಳು. ಬಕೆಟ್ಟು, ಒದ್ದೆ ಗೋಡೆ, ಉರಿಯುತ್ತಿರುವ ಗೀಸರು. ಗೀಸರಿನ ಉರಿ ಎಂದಿನ ನೀಲಿಯಲ್ಲಿರಲಿಲ್ಲ, ಹಳದಿಯಾಗಿ ನಾಲಿಗೆ ಚಾಚುತ್ತಿತ್ತು. ಅವಳು ಅದನ್ನು ನೋಡಿದಳು. ನೋಡಿಯೂ ಏನೂ ಹೊಳೆಯಲಿಲ್ಲ. ಕಣ್ಣೆದುರಿನದನ್ನು ಕಂಡು ಏನೆಂದು ತಿಳಿಯುವ ಶಕ್ತಿಯೇ ಆ ದಿನಗಳಲ್ಲಿ ಮಂಕಾಗಿತ್ತು.

ವಾರದ ರಜೆಯಲ್ಲಿ ಮನೆಯಲ್ಲೇ ಮಲಗಿದ್ದ ಗಂಡ ಕೂಡ ಮಧ್ಯಾಹ್ನದ ಹೊತ್ತಿಗೆ ಬೆವೆತು ಎದ್ದು ಕೂತ. "ಮಂಚದ ತುದೀಲಿ ಕೂತಿದ್ದು ನೀನಾ?"

"ನಾನು ಬಟ್ಟೆ ಹಿಂಡ್ತಿದ್ದೆ."

"ಹಾಸಿಗೆ ತಗ್ಗಿತು. ಯಾರೋ ಕೂತ ಹಾಗೆ." ಹಾಸಿಗೆಯ ತುದಿಯನ್ನು ಒತ್ತಿ ನೋಡಿ, "ಅಮ್ಮಂಗೆ ಹೇಳ್ಬೇಡ," ಎಂದ.

ಸೊಸೆಯೂ ಒಂದು ವಿಷಯ ಯಾರಿಗೂ ಹೇಳಿರಲಿಲ್ಲ. ಒಂದು ಸಂಜೆ ಬಟ್ಟೆ ತೊಳೆಯಲೆಂದು ಬಕೆಟ್ಟಿಗೆ ಬಿಸಿನೀರು ಬಿಟ್ಟು, ಅದು ತುಂಬುವ ತನಕ ಗಿಡದ ಹತ್ತಿರ ಬಂದು ಚೊಂಬು ಎತ್ತಿದ್ದಳು. ಬೆನ್ನ ಹಿಂದೆ, ಕಿವಿಗೆ ಮೊಳದಷ್ಟು ದೂರದಲ್ಲಿ, ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ ಮಾವನ ದನಿ, ಎಂದಿನಂತೆ ಒರಟಾಗಿ, ಬೇಸರದಲ್ಲಿ: "ನೀರು ಹಾಕಬೇಡ ಮಗೂ." ಚೊಂಬು ಕೈಯಲ್ಲೇ ಉಳಿಯಿತು. ತಿರುಗಿ ನೋಡಲು ಧೈರ್ಯ ಸಾಲಲಿಲ್ಲ. ಅಲ್ಲೇ ನಿಂತಿದ್ದಳು, ಬಕೆಟ್ಟು ತುಂಬಿ ಬಚ್ಚಲ ನೆಲವೆಲ್ಲ ಹರಿಯುವವರೆಗೂ.

ಮರುದಿನ, ಮೊಗ್ಗು ತುಂಬಿದ್ದ ಒಂದು ಗಿಡವನ್ನು ಹಳೆಯ ಟವೆಲಿನಲ್ಲಿ ಸುತ್ತಿಕೊಂಡು ಅಂಗಡಿಗೆ ಒಯ್ದಳು. ಬದಲಿಸದೆ ಉಳಿದಿದ್ದ ಗಾಜು ಅದೊಂದೇ: ಮನೆ.

ಅಂಗಡಿಯ ಯಜಮಾನ್ತಿ ಅದನ್ನು ಕನ್ನಡಕಗಳ ನಡುವೆ ಇಡಿಸಿದರು. ವಾರ ಕಳೆಯುವುದರೊಳಗೆ ಮೊದಲ ಮೊಗ್ಗು ಅರಳಿತು. ಅದರ ಹಿಂದೆಯೇ ಉಳಿದವೂ ಅರಳಿದವು, ಬಿಳಿ ಹೂವು, ಗಂಟಲಲ್ಲಿ ಮಾತ್ರ ಹಳದಿ. ಕನ್ನಡಕ ಕೊಳ್ಳಲು ಬಂದವರು ಹೂವು ನೋಡಿ ಹೋದರು. ಸೊಸೆ ಸಂಭ್ರಮದಿಂದ ಗಿಡವನ್ನು ಮನೆಗೆ ತಂದು ಮೇಜಿನ ನಡುವೆ ಇಟ್ಟಳು.

"ನೋಡಿ ಅತ್ತೆ, ನನ್ನ ಕೈಯಲ್ಲೂ ಅರಳುತ್ತೆ."

ಅತ್ತೆ ಹೂವುಗಳನ್ನು ನೋಡಿದರು, ಬಚ್ಚಲಿನ ಕಡೆ ನೋಡಿದರು. "ಇರಲ್ಲ ಬಿಡು," ಎಂದರು.

ಇರಲಿಲ್ಲ. ಮರುದಿನ ಬೆಳಿಗ್ಗೆ ಮೂವರ ಸ್ನಾನ ಮುಗಿದು ನೋಡಿದರೆ ಅಷ್ಟೂ ಹೂವು ಜೋತುಬಿದ್ದಿದ್ದವು. ಅಂಚುಗಳು ಒಳಕ್ಕೆ ಮಡಚಿ, ಗಾಜಿನಂತೆ ಪಾರದರ್ಶಕವಾಗಿ. ಯಾರೋ ಒಂದೊಂದನ್ನೇ ಹಿಡಿದು ಮುಚ್ಚಿದ ಹಾಗೆ. ಗಿಣಿ ಚೀರಿದಳು. ಅತ್ತೆ ಚಹಾ ಹೀರುತ್ತ, "ಅವರಿಗೆ ಇಷ್ಟ ಆಗ್ಲಿಲ್ಲ," ಎಂದರು, ತೃಪ್ತಿಯಿಂದ.

ಸೊಸೆ ಅಂದು ಅಂಗಡಿಗೆ ಹೋಗುವಾಗ ತಲೆ ಸಿಡಿಯುತ್ತಿತ್ತು. ಬಸ್ಸಿನ ಕಿಟಕಿಯಿಂದ ಗಾಳಿ ಬಡಿದಂತೆ ನೋವು ಇಳಿಯುತ್ತ ಬಂತು. ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಪೂರಾ ಹೋಗಿತ್ತು. ಅದು ದಿನವೂ ಹಾಗೆಯೇ ಹೋಗುತ್ತಿತ್ತೆಂದು, ದಿನವೂ ಸಂಜೆ ಮನೆಯಲ್ಲಿ ಮತ್ತೆ ಬರುತ್ತಿತ್ತೆಂದು ಆಗ ಅವಳಿಗೆ ನೆನಪಾಯಿತು. ಗಿಣಿಗೆ ಶಾಲೆಯಲ್ಲಿ ತಲೆನೋವಿಲ್ಲ. ಗಂಡನಿಗೆ ರಜೆಯ ದಿನ ಮಾತ್ರ ಯಾರೋ ಪಕ್ಕ ಕೂರುತ್ತಾರೆ. ಮನೆಬಿಟ್ಟು ಕದಲದ ಅತ್ತೆಗೆ ಎರಡು ಹೊತ್ತೂ ಚಪ್ಪಲಿ ಸದ್ದು. ಮತ್ತು ಮೊಗ್ಗು. "ಹಣ್ಣಿನಿಂದ ಅನಿಲ ಹೊರಡುತ್ತಂತೆ" ಎಂದು ಮಗಳಿಗೆ ಹೇಳಿದ್ದವಳು ತಾನೇ. ಹಣ್ಣು ಕಪಾಟು ಸೇರಿದ ಮೇಲೂ ಮನೆಯಲ್ಲಿ ಉಳಿದಿರುವ ಅನಿಲ ಯಾವುದು? ಗಿರಾಕಿಯ ಮೂಗಿನ ಮೇಲೆ ಕನ್ನಡಕ ಕೂರಿಸುತ್ತಿದ್ದವಳು ಅರ್ಧಕ್ಕೇ ಬಿಟ್ಟು ಗಂಡನಿಗೆ ಫೋನು ಮಾಡಿದಳು.

"ಗೀಸರ್ ರಿಪೇರಿಯವನನ್ನ ಈಗಲೇ ಕರ್ಕೊಂಡು ಬನ್ನಿ. ಅತ್ತೆಗೆ ಹೇಳಿ, ನಾವು ಬರೋವರೆಗೂ ಬಿಸಿನೀರಿನ ನಲ್ಲಿ ತಿರುಗಿಸಬಾರದು ಅಂತ."

"ಏನಾಯ್ತೇ?"

"ಮೊದಲು ಬನ್ನಿ."

ರಿಪೇರಿಯವನು ಗೀಸರು ಹೊತ್ತಿಸಿ, ಬೆಂಕಿಕಡ್ಡಿ ಗೀರಿ ಅದರ ನೆತ್ತಿಯ ಸಂದಿಗೆ ಹಿಡಿದ. ಉರಿಯನ್ನು ಹೊಗೆ ಪೈಪು ಒಳಗೆ ಎಳೆದುಕೊಳ್ಳಬೇಕಿತ್ತು. ಅದು ಒಳಗಿನಿಂದ ಯಾರೋ ಊದಿದ ಹಾಗೆ ಹೊರಕ್ಕೆ ಬಾಗಿ ಆರಿಹೋಯಿತು. ಅವನು ಕೂಡಲೇ ಗ್ಯಾಸು ಬಂದ್ ಮಾಡಿ, ಕಿಟಕಿಗಳನ್ನೆಲ್ಲ ತೆರೆದ. ಆಮೇಲೆ ಬಟ್ಟೆ ಒಣಹಾಕುವ ಹಿಂಬದಿಯ ಬಾಲ್ಕನಿಗೆ ಹೋಗಿ, ಗೋಡೆಯಿಂದ ಹೊರಬಂದಿದ್ದ ಹೊಗೆ ಪೈಪಿನ ಬಾಯಿಗೆ ಕೈ ಹಾಕಿ ಎಳೆದ. ಕಡ್ಡಿ, ತಂತಿಚೂರು, ಮಸಿ ಮೆತ್ತಿದ ಗರಿ, ಒಡೆದ ಮೊಟ್ಟೆಯ ಸಿಪ್ಪೆ. ಪಾರಿವಾಳದ ಗೂಡು.

"ಹೊಗೆಯೆಲ್ಲ ಒಳಗೇ ತಿರುಗ್ತಿತ್ತು. ಈ ಹೊಗೆಗೆ ವಾಸನೆಯಿಲ್ಲ, ಗೊತ್ತಾಗಲ್ಲ. ಹಳೇ ಕಿಟಕಿ ಇದ್ದಿದ್ರೆ ಸಂದಿಯಿಂದ ಸ್ವಲ್ಪನಾದ್ರೂ ಹೋಗ್ತಿತ್ತು. ಇಷ್ಟು ವರ್ಷ ಇದನ್ನ ಯಾರು ಕ್ಲೀನ್ ಮಾಡ್ತಿದ್ರು?"

"ಅವರು," ಎಂದರು ಅತ್ತೆ ಮೆಲ್ಲಗೆ. "ಚಳಿ ಶುರುವಾಗೋ ಮುಂಚೆ ಕೋಲು ಹಿಡ್ಕೊಂಡು ಅಲ್ಲಿ ನಿಂತಿರ್ತಿದ್ರು. ಪಾರಿವಾಳ ಓಡಿಸ್ತಾರೆ ಅಂದ್ಕೊಂಡಿದ್ದೆ."

ಡಾಕ್ಟರು ಎಲ್ಲರ ರಕ್ತ ಪರೀಕ್ಷೆ ಮಾಡಿಸಿದರು. ಆ ಹೊಗೆ ರಕ್ತಕ್ಕೆ ಸೇರಿದರೆ ತಲೆ ಸುತ್ತುತ್ತದೆ, ಮಂಪರು ಕವಿಯುತ್ತದೆ, ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಕೇಳುತ್ತದೆ ಎಂದರು. "ಇನ್ನು ಸ್ವಲ್ಪ ದಿನ ಹೀಗೇ ಇದ್ದಿದ್ರೆ ನೀವ್ಯಾರೂ ನನ್ನ ಹತ್ರ ನಡ್ಕೊಂಡು ಬರ್ತಿರಲಿಲ್ಲ."

ಗಂಡ ಮನೆಗೆ ಬಂದು ತಾನೇ ಹಾಕಿಸಿದ ಕಿಟಕಿಗಳನ್ನು ಹಾರು ಹೊಡೆದು, ಮೇಜಿನ ಮುಂದೆ ಕುಸಿದು ಕೂತ. ಭಯ ಇಳಿದವರಿಗೆ ಬರುವ ಹುಚ್ಚು ನಗು ಅವನಿಗೆ ಬಂತು. "ಕೇಳಿದ್ಯಾ ಅಮ್ಮ? ಅಪ್ಪನೂ ಅಲ್ಲ, ಗಿಪ್ಪನೂ ಅಲ್ಲ. ಗ್ಯಾಸು!"

ಅತ್ತೆ ಎದ್ದು, ತಾವು ದಿನವೂ ಮೇಜಿನ ಮೇಲೆ ಇಡುತ್ತಿದ್ದ ಹೆಚ್ಚಿನ ತಟ್ಟೆಯನ್ನು ಎತ್ತಿಕೊಂಡು ಹೋಗಿ ತೊಳೆದಿಟ್ಟರು. ತೊಳೆಯುವಂಥದ್ದೇನೂ ಅದರಲ್ಲಿರಲಿಲ್ಲ.

ಮುಂದಿನ ವಾರಗಳಲ್ಲಿ ಮನೆ ತಿಳಿಯಾಯಿತು. ಗಿಣಿ ಮತ್ತೆ ವಟಗುಟ್ಟತೊಡಗಿದಳು. ತಾನು ಕಂಡ ಪರದೆಯ ಭೂತವನ್ನು ಶಾಲೆಯಲ್ಲಿ ಬಣ್ಣ ಕಟ್ಟಿ ಹೇಳಿ ಹೆಸರು ಮಾಡಿದಳು. ಆರ್ಕಿಡ್ಡುಗಳಲ್ಲಿ ಹೊಸ ಕಡ್ಡಿಗಳು ಹೊರಟು, ಮೊಗ್ಗು ಕಟ್ಟಿ, ಬಣ್ಣಗೆಡದೆ ನಿಂತವು. ಆದರೆ ಅತ್ತೆ ದಿನದಿಂದ ದಿನಕ್ಕೆ ಕರಗುತ್ತಿದ್ದರು. ಬಟಾಣಿ ಸುಲಿಯುವಾಗ ನಡುವೆ ಕೈ ನಿಲ್ಲಿಸುತ್ತಿದ್ದರು, ಕಿವಿಗೊಡುತ್ತಿದ್ದರು, ಮುಖ ಬಾಡುತ್ತಿತ್ತು. ಯಾರೂ ಇಲ್ಲದಾಗ ಕಿಟಕಿ ಮುಚ್ಚುತ್ತಿದ್ದರು.

"ಅತ್ತೆ, ಕಿಟಕಿ ಮುಚ್ಚಬೇಡಿ ಅಂತ ಎಷ್ಟು ಸಲ ಹೇಳೋದು?"

"ಚಳಿ."

"ಶಾಲು ಹೊದ್ಕೊಳ್ಳಿ."

"ಹೊದ್ಕೊಂಡ್ರೆ ಹೋಗೋ ಚಳಿಯಲ್ಲ ಇದು." ದನಿ ಏರಿತು. "ನೀನೇ ಓಡಿಸ್ದೆ ಅವರನ್ನ. ಗಿಡ ಗಿಡ ಅಂತ ಬೆನ್ನು ಹತ್ತಿ, ಮನೆಯೆಲ್ಲ ಕೆದಕಿ ಓಡಿಸ್ದೆ. ಹೂವು ಬೇಕಿತ್ತಲ್ಲ ನಿನಗೆ, ಬಂತು, ಮುಡ್ಕೋ!"

"ಹೂವಲ್ಲ ಅತ್ತೆ, ನಾವು ನಾಲ್ಕು ಜನ ಬದುಕಿದೀವಿ!"

"ಬದುಕಿದೀರ. ಸರಿ."

ಅದಾದ ಮೇಲೆ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕರೆಂಟು ಹೋಗಿ ಸೊಸೆ ಬೇಗ ಮನೆಗೆ ಬಂದಳು. ಮೆಟ್ಟಿಲಿನಲ್ಲೇ ಗುಂ ಎಂಬ ಸದ್ದು ಕೇಳಿಸಿತು. ಬಾಗಿಲು ತಳ್ಳಿದರೆ ಪೂರಾ ತೆರೆಯಲಿಲ್ಲ. ಅಡಿಯ ಸಂದಿಗೆ ಟವೆಲು ತುರುಕಿತ್ತು. ಒಳಗೆ ಎಲ್ಲ ಕಿಟಕಿಯೂ ಮುಚ್ಚಿ, ಗಾಜಿನ ಮೇಲೆ ಆವಿ ಹನಿಗಟ್ಟಿ ಇಳಿಯುತ್ತಿತ್ತು. ಬಚ್ಚಲಿನಲ್ಲಿ ಬಿಸಿನೀರು ಧೋ ಎಂದು ಸುರಿಯುತ್ತಿತ್ತು. ಬಚ್ಚಲಿಗೆ ಹೋಗುವ ಹಾದಿಯ ನಡುವೆ ಕುರ್ಚಿ ಹಾಕಿಕೊಂಡು ಅತ್ತೆ ಕೂತಿದ್ದರು. ತಲೆ ಬಾಚಿ, ಪೆಟ್ಟಿಗೆಯ ತಳದ ಒಳ್ಳೆಯ ಬಟ್ಟೆ ಉಟ್ಟಿದ್ದರು. ಮುಂದಿನ ಸ್ಟೂಲಿನ ಮೇಲೆ ಎರಡು ಲೋಟ ಚಹಾ. ಕೆನ್ನೆ ಕೆಂಪೇರಿತ್ತು.

ಅವರು ನಗುತ್ತ ತುಟಿಯ ಮೇಲೆ ಬೆರಳಿಟ್ಟು, "ಹುಷ್," ಎಂದರು. "ಬಾಗಿಲವರೆಗೂ ಬಂದಿದಾರೆ."

ಆ ಆವಿಯಲ್ಲಿ, ಆ ನಗುವಿನ ಮುಂದೆ, ಒಂದು ಗಳಿಗೆ ಸೊಸೆಯೂ ಬಾಗಿಲಿನ ಕಡೆ ತಿರುಗಿ ನೋಡಿದಳು. ಆಮೇಲೆ ಓಡಿ ಗ್ಯಾಸು ಬಂದ್ ಮಾಡಿ, ಕಿಟಕಿಗಳನ್ನು ತೆರೆದು, ಅತ್ತೆಯ ಕಂಕುಳಿಗೆ ಕೈ ಹಾಕಿ ಎತ್ತಿಕೊಂಡೇ ಹೊರಗಿನ ಮೆಟ್ಟಿಲಿಗೆ ಎಳೆದುತಂದಳು. ಅವರು ಅವಳು ಎಣಿಸಿದ್ದಕ್ಕಿಂತ ಹಗುರವಿದ್ದರು. ಮೂಗಿಗೆ ಸೆರಗು ಒತ್ತಿ ಮತ್ತೆ ಒಳಗೆ ಹೋಗಿ ಬಾಲ್ಕನಿಯ ಪೈಪು ನೋಡಿದಳು. ರಿಪೇರಿಯವನು ಗೂಡು ತೆಗೆದ ಬಾಯಲ್ಲೇ ಮಾವನ ಉಣ್ಣೆಯ ಮಫ್ಲರು ತುರುಕಿತ್ತು.

ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಅತ್ತೆಯ ಹಲ್ಲು ಕಟಕಟ ಎನ್ನುತ್ತಿದ್ದವು.

"ಗಿಣಿ ಬರೋ ಹೊತ್ತು ಅತ್ತೆ," ಎಂದಳು ಸೊಸೆ. "ನಾನು ಬರದೆ ಹೋಗಿದ್ರೆ ಅವಳೇ ಬಾಗಿಲು ತೆಗೀತಿದ್ದಳು. ಒಳಗೆ ಬಂದು ನಿಮ್ಮ ಪಕ್ಕ ಕೂರ್ತಿದ್ದಳು."

ಅತ್ತೆಯ ಕಣ್ಣಿನ ಮಬ್ಬು ಹರಿಯಲು ಸ್ವಲ್ಪ ಹೊತ್ತು ಹಿಡಿಯಿತು. ಹರಿದ ಮೇಲೆ ಅವರ ಮುಖ ಬೂದಿಯಾಯಿತು.

"ಮಗು ನೆನಪೇ ಆಗ್ಲಿಲ್ಲ ಕಣೇ," ಎಂದರು. "ದೇವರಾಣೆ ನೆನಪಾಗ್ಲಿಲ್ಲ." ಮೊಣಕಾಲಿಗೆ ಹಣೆ ಒತ್ತಿಕೊಂಡರು. "ಅವರು ಹೋದಾಗ ನಾನು ಜ್ವರ ಅಂತ ಆಸ್ಪತ್ರೇಲಿ ಬಿದ್ದಿದ್ದೆ. ಬರೋಷ್ಟರಲ್ಲಿ ಎಲ್ಲ ಮುಗಿಸಿಬಿಟ್ಟಿದ್ರಿ. ಮನೆ ದಾಟಿ ಹೋಗೋದನ್ನ ನಾನು ನೋಡಿಲ್ಲ. ಹೋಗೋದನ್ನ ನೋಡದೋಳು, ಬಂದ್ರೆ ಬರಬೇಡಿ ಅನ್ನೋದು ಹೇಗೆ?"

ಕೆಳಗೆ ಕ್ಷೌರದಂಗಡಿಯ ಕತ್ತರಿ ಕಿಚಕಿಚ ಎನ್ನುತ್ತಿತ್ತು.

"ನನಗೂ ಕೇಳಿಸಿತ್ತು ಅತ್ತೆ," ಎಂದಳು ಸೊಸೆ.

ಅತ್ತೆ ತಲೆ ಎತ್ತಿದರು. "ಏನಂದ್ರು?"

"'ನೀರು ಹಾಕಬೇಡ ಮಗೂ' ಅಂದ್ರು."

ಅತ್ತೆ ಅವಳ ಮುಖವನ್ನೇ ನೋಡಿದರು. ಅವರ ಹೊಟ್ಟೆಯೊಳಗಿನಿಂದ ಒಂದು ನಗು ಕಿತ್ತುಬಂತು, ಅರ್ಧದಲ್ಲೇ ಅಳುವಾಯಿತು. "ಹೌದು, ಅವರೇ. ಜೀವಮಾನವೆಲ್ಲ ಅದೇ. ಅದು ಮಾಡಬೇಡ, ಇದು ಮುಟ್ಟಬೇಡ." ಸೆರಗಿನಲ್ಲಿ ಮೂಗು ಒರೆಸಿಕೊಂಡರು. "ನನಗೆ ಮಾತಾಡ್ಲೇ ಇಲ್ಲ ನೋಡು. ಬರೀ ಕೆಮ್ಮಿದ್ರು, ಓಡಾಡಿದ್ರು. ನಿನ್ನ ಹತ್ರ ಮಾತಾಡಿದಾರೆ."

ಅದು ಹೊಗೆಯೆಂದು ಅವಳಿಗೆ ಗೊತ್ತಿತ್ತು. ಅತ್ತೆಗೂ ಗೊತ್ತಿತ್ತು. ಆ ಹೊತ್ತು ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಗಂಡನಿಗೆ ಹೇಳದೆ ವಿಧಿಯಿರಲಿಲ್ಲ. ಅವನು ಕೂಗಾಡಿದ. ಅಮ್ಮನನ್ನು ತನ್ನ ಅಕ್ಕನ ಮನೆಗೆ ಕಳಿಸುತ್ತೇನೆಂದ, ಒಬ್ಬಳನ್ನೇ ಬಿಟ್ಟುಹೋಗಲಾರೆನೆಂದ, ಕೊನೆಗೆ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಅತ್ತ. ಸೊಸೆ ಪಾತ್ರೆ ಉಜ್ಜುತ್ತಲೇ ಹೇಳಿದಳು:

"ಅತ್ತೆ ಎಲ್ಲೂ ಹೋಗಲ್ಲ. ಗೀಸರು ಹೋಗಲಿ. ಕರೆಂಟಿಂದು ಹಾಕಿಸಿ."

"ಅದು ಅಪ್ಪ ತಂದಿದ್ದು."

"ಅದಕ್ಕೇ ಹೇಳ್ತಿರೋದು."

ಗುಜರಿಯವನು ಬೆಳಿಗ್ಗೆ ಬಂದ. ಹಿಂದಿನ ದಿನವೇ ಪೈಪು ಕತ್ತರಿಸಿಟ್ಟಿದ್ದ ಗೀಸರನ್ನು ಹಳೆಯ ಚಾದರದಲ್ಲಿ ಸುತ್ತಿ, ಹೆಗಲ ಮೇಲೆ ಮಲಗಿಸಿಕೊಂಡು ಮೆಟ್ಟಿಲಿಳಿದ. ಬಚ್ಚಲಿನ ಗೋಡೆಯ ಮೇಲೆ ಅದು ಇದ್ದ ಜಾಗ ಬೆಳ್ಳಗೆ ಉಳಿಯಿತು. ಹಾಲಿನ ಕಿಟಕಿಯಲ್ಲಿ ಆರ್ಕಿಡ್ಡುಗಳು ಒಂದರ ಹಿಂದೊಂದು ಅರಳುತ್ತಿದ್ದವು. ಅತ್ತೆ ಅವುಗಳ ಕಡೆ ನೋಡಲಿಲ್ಲ. ಕುರ್ಚಿಯಿಂದ ಎದ್ದು, ಗೋಡೆ ಹಿಡಿದುಕೊಂಡು, ಗುಜರಿಯವನ ಹಿಂದೆಯೇ ಇಳಿಯತೊಡಗಿದರು.

"ಅಮ್ಮ, ಎಲ್ಲಿಗೆ?" ಎಂದ ಮಗ. ಸೊಸೆ ಅವನ ತೋಳು ಹಿಡಿದು ನಿಲ್ಲಿಸಿ, ತಾನು ಹಿಂದೆ ಹೋದಳು.

ಗುಜರಿಯವನು ಗೀಸರನ್ನು ತಳ್ಳುಗಾಡಿಯ ಮೇಲೆ ಉದ್ದಕ್ಕೆ ಮಲಗಿಸಿ, ಜಾರದಂತೆ ಹಗ್ಗ ಬಿಗಿದ. ಗಾಡಿ ಹೊರಟಿತು. ಅತ್ತೆ ಅದರ ಹಿಂದೆ ಬರಿಗಾಲಿನಲ್ಲಿ ನಡೆದರು. ಗುಜರಿಯವನು ಒಂದೆರಡು ಸಲ ತಿರುಗಿ ನೋಡಿದ, ಸೊಸೆಯ ಮುಖ ಕಂಡು ಗಾಡಿಯನ್ನು ನಿಧಾನ ಮಾಡಿದ. ಕ್ಷೌರದಂಗಡಿಯವನು ಗಿರಾಕಿಯ ಕೆನ್ನೆಯ ಮೇಲೆ ಕತ್ತಿ ನಿಲ್ಲಿಸಿಕೊಂಡು ನೋಡಿದ. ಹಿಂದಿನಿಂದ ಬಂದ ಬಸ್ಸು ಒಮ್ಮೆ ಹಾರ್ನ್ ಮಾಡಿ ಸುಮ್ಮನಾಯಿತು. ಬೀದಿಯ ತುದಿಯಲ್ಲಿ ಗಾಡಿ ತಿರುಗಿತು. ಅತ್ತೆ ಅಲ್ಲಿ ನಿಂತರು. ಚಕ್ರದ ಸದ್ದು ಕೇಳಿಸುವವರೆಗೂ ನಿಂತರು, ಕೇಳಿಸದಾದ ಮೇಲೂ ಸ್ವಲ್ಪ ಹೊತ್ತು ನಿಂತರು.

ಹಿಂತಿರುಗುವಾಗ ಸೊಸೆಯ ತೋಳು ಹಿಡಿದುಕೊಂಡರು. ಮನೆಯ ಹೊಸ್ತಿಲ ಹತ್ತಿರ ಬಂದು, ಒಳಗೆ ಕಾಲಿಡದೆ, ಧೂಳಾದ ಪಾದಗಳನ್ನು ನೋಡಿಕೊಂಡರು.

"ಸ್ನಾನ ಮಾಡ್ಬೇಕು," ಎಂದರು. "ಒಲೆ ಮೇಲೆ ಒಂದು ಪಾತ್ರೆ ನೀರು ಕಾಯಿಸಿಕೊಡ್ತೀಯೇನೇ?"